ದಿಂಬು

ಔಲು ಊರಿನ ಜನವರಿ. ಹತ್ತು ಗಂಟೆಯಾದರೂ
ಕಿಟಕಿಯಲ್ಲಿ ಬೆಳಕು ಅಕ್ಕಚ್ಚಿನಷ್ಟು ತೆಳು.
ಹಿಲ್ಕಾ ಬಿಸಿ ಕ್ಷಾರದಿಂದ ಬಿಲ್ಲೆಗಳನ್ನು ಎತ್ತುತ್ತಾಳೆ
ಬಾಣಲೆಯಿಂದ ವಡೆ ತೆಗೆದ ಹಾಗೆ, ಸೋಸಿ ಸೋಸಿ.
ಹನ್ನೆರಡು ಟೈಟಾನಿಯಂ ಬಿಲ್ಲೆ.
ಬೆರಳಿಗೆ ನುಣುಪು. ಬೆರಳು ದಡ್ಡ.
ಯಂತ್ರದ ಕಣ್ಣಿಗೆ ಮಾತ್ರ ಮುಳ್ಳುಕಾಡು,
ಏರೋಪ್ಲೇನ್ ಚಿಟ್ಟೆಯ ರೆಕ್ಕೆ ನೋಡಿ ಕಲಿತ ಕಸುಬು.
ಮದ್ದಿಲ್ಲ, ವಿಷವಿಲ್ಲ, ಬರೀ ಮೊನೆ:
ಬಂದು ಕೂತ ಜೀವಾಣು
ಕೂತ ತಪ್ಪಿಗೇ ಹರಿದುಹೋಗಬೇಕು.

ಅವಳಪ್ಪ ಓಯ್ವ, ದೋಣಿಗೆ ಡಾಂಬರು ಬಳಿಯುತ್ತಿದ್ದವನು.
ಅವನ ಸೊಂಟದ ಕೀಲನ್ನು ಮೂರು ಸಲ ಬಿಚ್ಚಿದರು.
ಲೋಹದ ಮೇಲೆ ಲೋಳೆ ಕಟ್ಟಿತ್ತು,
ಲೋಳೆಯೊಳಗೊಂದು ಪೇಟೆ ಅಗುಳಿ ಹಾಕಿಕೊಂಡು ಕೂತಿತ್ತು.
ಆರು ವಾರದ ಔಷಧ
ಹೊರಗೇ ನಿಂತು ಕದ ತಟ್ಟಿ ವಾಪಸು ಹೋಯಿತು.

ಶರಶಯ್ಯೆ ಅಂದೆ. ಕಥೆ ಹೇಳಿದೆ.
ಉತ್ತರಾಯಣಕ್ಕೆ ಕಾದವನ ಸಂಗತಿ ಅವಳಿಗೆ ಹಿಡಿಸಿತು,
ಇಲ್ಲಿ ಎಲ್ಲರೂ ಕಾಯುವುದು ಅದಕ್ಕೇ ತಾನೆ.
‘ತಲೆಗೇನು ಕೊಟ್ಟರು?’
‘ಮೂರು ಬಾಣ.’
‘ಒಳ್ಳೇ ಎಂಜಿನಿಯರು’ ಅಂದಳು.

ಬಣ್ಣ ಹಾಕಿ ನೋಡಿದರೆ ಸತ್ತದ್ದು ಕೆಂಪು, ಬದುಕಿದ್ದು ಹಸಿರು.
ಮೊದಲ ದಿನ ಬಿಲ್ಲೆಯ ತುಂಬ ಕುಂಕುಮ ಚೆಲ್ಲಿತ್ತು.
ಏಲಕ್ಕಿ ಬನ್ನು ಹಂಚಿದಳು, ಕಾವಲುಗಾರನಿಗೂ.
ಮೂರನೆಯ ದಿನ ಏಳನೇ ಬಿಲ್ಲೆಯ ಅಂಚಿನಲ್ಲಿ
ಒಂದು ಹಸಿರು ಚುಕ್ಕೆ.
ಐದನೆಯ ದಿನ ಹುಲ್ಲುಗಾವಲು.

ಮೊನೆ ಮೊಂಡಾಗಿರಲಿಲ್ಲ.
ಸತ್ತವು ಮೊನೆಗಳ ಸಂದಿಯಲ್ಲಿ ತುಂಬಿಕೊಂಡು
ಹಾಸಿಗೆ ಮೆತ್ತಗಾಗಿತ್ತು.
ಆಮೇಲೆ ಬಂದವು ಹಾಯಾಗಿ ಮಲಗಿದ್ದವು
ಹೆಣದ ಮೇಲೆ ತಲೆಯಿಟ್ಟು.

ಸಂಜೆ ಸ್ಪೀಕರಿನಲ್ಲಿ ಓಯ್ವ ನಕ್ಕ:
‘ಡಾಂಬರು ಬಳಿದ ದೋಣಿಗೆ ಪಾಚಿ ಹತ್ತೋದಿಲ್ಲವೇನೆ?
ಚಳಿ ಕಳೆದ ಮೇಲೆ ದಡಕ್ಕೆಳೆದು, ಕವುಚಿ ಹಾಕಿ,
ಹೆರೆದು, ಮತ್ತೆ ಬಳಿ.’
‘ನಿನ್ನ ಸೊಂಟಾನ ಯಾವ ದಡಕ್ಕೆ ಎಳೀಲಪ್ಪಾ?’

ಆ ಕಡೆ ಬರೀ ಉಸಿರು.
ಊರುಗೋಲು ಎಲ್ಲೋ ಜಾರಿ ಬಿದ್ದ ಸದ್ದು.
‘ಹಾಗಾದ್ರೆ ದೋಣೀನೇ ಮೈ ಕೊಡವಿಕೊಳ್ಳೋ ಹಂಗೆ ಮಾಡು.’

ಮಾರನೆಯ ದಿನ ನಾನು ಬರುವಷ್ಟರಲ್ಲಿ
ತೊಟ್ಟಿಯಲ್ಲಿ ಹೊಸ ಬಿಲ್ಲೆಗಳು ಕುದಿಯುತ್ತಿದ್ದವು.
ಹಳೆಯ ಏಳನೆಯದನ್ನು ಎಸೆದಿರಲಿಲ್ಲ,
ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿದ್ದಳು,
ಅವರ ಭಾಷೆಯ ಒಂದೇ ಪದ.
ಏನೆಂದು ಕೇಳಿದೆ.
ಕೈಗವಸು ತೆಗೆಯದೆಯೇ
ಕೆನ್ನೆಯ ಹತ್ತಿರ ಅಂಗೈ ತಂದು
ತಲೆ ವಾಲಿಸಿ ತೋರಿಸಿದಳು.