ಎರಡು ಪಿನ್ನು

ನಾಟಕದ ಹುಡುಗ ಬಂದ, ಹೆಲ್ಮೆಟ್ ಕಂಕುಳಲ್ಲಿ.
ಕಬ್ಬನ್‌ಪೇಟೆಯ ನಮ್ಮ ಓಣಿಗೆ ಬೈಕು ಹಿಡಿಸದೆ
ಚೌಡಮ್ಮನ ಗುಡಿ ಹತ್ತಿರವೇ ನಿಲ್ಲಿಸಿದ್ದನಂತೆ.
"ಸಾಕಮ್ಮಜ್ಜೀ, ಎಂಟು ಜನ ಹೆಂಗಸರಿಗೆ ಬಟ್ಟೆ ಬೇಕು.
ಗ್ರೀಸಿನವರು. ಯುದ್ಧದಲ್ಲಿ ಸೋತ ಊರಿನವರು."
ಅಳತೆ ತಂದಿದ್ದೀಯಾ ಅಂದೆ.
"ಅಳತೆ ಬೇಡ. ಹೊಲಿಗೆಯೇ ಇಲ್ಲ.
ಮಗ್ಗದಿಂದ ಇಳಿದ ಹಾಗೇ
ಮೈಗೆ ಸುತ್ತಿ, ಹೆಗಲಿಗೆ ಎರಡು ಪಿನ್ನು."

ಮಹಡಿಯ ಪವರ್‌ಲೂಮಿನ ಸದ್ದಿಗೆ
ಕೂಗಿ ಕೂಗಿ ಹೇಳುತ್ತಿದ್ದ.
ನನಗೆ ನಗು. ಕತ್ತರಿ ತಾಗದ ಬಟ್ಟೆಯ ವಿಚಾರ
ಐವತ್ತೆರಡು ವರ್ಷ ಸೀರೆ ನೇಯ್ದವಳಿಗೆ
ಹೇಳೋಕೆ ಬಂದಿದಾನೆ!

ಫೋನಿನಲ್ಲಿ ಚಿತ್ರ ತೋರಿಸಿದ. ಕೆಂಪು ಮಡಕೆ,
ಅದರ ಹೊಟ್ಟೆಯ ಮೇಲೆ ಕರೀ ಹೆಂಗಸರು,
ಗೋಡೆಗೊರಗಿ ನಿಂತ ಮಗ್ಗ.
ಹಾಸಿನ ಎಳೆ ಮೇಲಿಂದ ಇಳಿಬಿದ್ದಿದೆ,
ಪಡವಲಕಾಯಿಗೆ ಕಲ್ಲು ಕಟ್ಟಿದ ಹಾಗೆ
ತುದಿಗೆ ಮಣ್ಣಿನ ಗುಂಡು.
ನಿಂತೇ ನೇಯಬೇಕಂತೆ, ಆಚೆಗೆ ಈಚೆಗೆ ನಡೆದು,
ಹೊಕ್ಕನ್ನು ಕೆಳಗಿಂದ ಮೇಲಕ್ಕೆ ಬಡಿದು.

ನಾನು ಕುಣಿಯಲ್ಲಿ ಕಾಲು ಇಳಿಬಿಟ್ಟು
ಸೊಂಟದವರೆಗೆ ಮಣ್ಣಿನವಳಾಗಿ ಬದುಕಿದವಳು.
ಮೇಲಕ್ಕೆ ಬಡಿಯುವ ಕೈ ಹೇಗಿರುತ್ತದೋ ಎಂದು
ಗಾಳಿಯಲ್ಲಿ ಒಂದೆರಡು ಸಲ ಬಡಿದು ನೋಡಿದೆ.
ಭುಜ ಹಿಡಿಯಿತು.

ಇವರ ಕೂಲಿ ಎಷ್ಟಂತೆ?
ಹುಡುಗ ತಲೆ ಕೆರೆದುಕೊಂಡ.
"ಕೆಲವರು ಮನೆಯವರು. ಕೆಲವರು ಕೊಂಡು ತಂದವರು, ಅಜ್ಜೀ.
ಹೆಸರು ಯಾರೂ ಬರೆದಿಟ್ಟಿಲ್ಲ.
ಆ ಮಣ್ಣಿನ ಗುಂಡುಗಳ ಮೇಲೆ
ಅಲ್ಲೊಂದು ಇಲ್ಲೊಂದು ಬೆರಳ ಗುರುತಿದೆ, ಅಷ್ಟೇ."

ನನ್ನ ಹೆಬ್ಬೆಟ್ಟು ಸೊಸೈಟಿಯ ಪುಸ್ತಕದಲ್ಲಿದೆ,
ನೀಲಿ ಶಾಯಿಯಲ್ಲಿ, ತಿಂಗಳಿಗೊಂದು.
ಗೆದ್ದಲು ತಿಂದಿರಬಹುದು ಇಷ್ಟು ಹೊತ್ತಿಗೆ.
ಮಣ್ಣಾದರೆ ಉಳಿಯುತ್ತಿತ್ತು.

ಕುಣಿಮಗ್ಗದ ದೂಳು ಕೊಡವಿ
ಕೋರಾ ಹತ್ತಿಯಲ್ಲಿ ಎಂಟು ತುಂಡು ನೇಯ್ದೆ.
ಸೋತವರಿಗೆ ಅಂಚು ಬೇಡ ಅಂದಿದ್ದ.
ಕೇಳಲಿಲ್ಲ ನಾನು. ಕಾಡಿಗೆ ಗೆರೆಯಷ್ಟು ತೆಳ್ಳಗೆ
ಒಂದು ಸಾಲು ರುದ್ರಾಕ್ಷಿ ಎಳೆದೆ.

ಕಲಾಕ್ಷೇತ್ರದ ಪರದೆಯ ಹಿಂದೆ, ಮೂರನೇ ಬೆಲ್ಲಿಗೆ ಮೊದಲು,
ಒಬ್ಬ ಹುಡುಗಿಯ ಹೆಗಲಿನಿಂದ ಬಟ್ಟೆ ಜಾರಿತು.
ನನ್ನ ಬಳೆಗೆ ಸಿಕ್ಕಿಸಿದ್ದ ಎರಡು ಪಿನ್ನು ತೆಗೆದು ಚುಚ್ಚಿದೆ.
ತಣ್ಣಗಿತ್ತು ಭುಜ, ನಡುಗುತ್ತಿತ್ತು.
ಯಾವ ಊರಮ್ಮ ನಿಂದು?
"ಯಲಹಂಕ" ಅಂದಳು.
ಆಮೇಲೆ ಬೆಳಕಿಗೆ ಹೋಗಿ
ಸುಟ್ಟುಹೋದ ಊರೊಂದರ ಹೆಸರು ಹಿಡಿದು ಅತ್ತಳು.

ದುಡ್ಡು ಬಂತು, ಚೌಕಾಸಿ ಕಳೆದು.
ಪಿನ್ನು ಇನ್ನೂ ಬಂದಿಲ್ಲ.