ಕಾಲ್ಕಟ್ಟು

ನಮ್ಮ ಅಕ್ಷರಕ್ಕೆ ತಲೆಕಟ್ಟು. ಇವಕ್ಕೆ ಕಾಲ್ಕಟ್ಟು.
ಗೆರೆ ಎಷ್ಟು ದಪ್ಪವೋ ಪಾದವೂ ಅಷ್ಟೇ ದಪ್ಪ,
ಬಳುಕಿಲ್ಲ, ಚೂಪಿಲ್ಲ, ನಯವಿನಯವಿಲ್ಲ;
ಬೂಟು ಬಿಗಿದು, ಲಾಂದ್ರ ಹಿಡಿದು
ಗಣಿಬಾಯಲ್ಲಿ ನಿಂತ ಬೆಳಗಿನ ಪಾಳಿ.

ವೇಲ್ಸಿನ ಕಣಿವೆಯಲ್ಲಿ
ಇಡ್ವಲ್ ಪ್ರೋಬರ್ಟನ ಅಚ್ಚುಮನೆ.
ಮರದಲ್ಲಿ ಕೊರೆದ ಆರಂಗುಲದ ಮೊಳೆಗಳು:
ಹರಾಜಿಗೂ ಅವೇ, ಹಂದಿ ಕಳೆದುಹೋದರೂ ಅವೇ,
ಚಾಪೆಲಿನ ಹಾಡುಗಾರಿಕೆಗೂ ಅವೇ.
ಕಲ್ಲಿದ್ದಲ ವ್ಯಾಗನ್ನಿನ ಪಕ್ಕೆಯ ಮೇಲೆ
ಅವುಗಳ ದಾಯಾದಿಗಳು, ಬಿಳಿ ಬಣ್ಣದಲ್ಲಿ.
ಮಳೆಯಲ್ಲಿ, ಮಸಿಯಲ್ಲಿ, ಬೀದಿಯ ಆಚೆ ಬದಿಯಿಂದ
ಓದಿಸಿಕೊಳ್ಳುವುದೊಂದೇ ಗೊತ್ತು.
"ಪ್ರೇಮಪತ್ರಕ್ಕೆ ಮಾತ್ರ ಬೇಡ" ಎನ್ನುತ್ತಿದ್ದ ಇಡ್ವಲ್,
"ಪಿಸುಗುಟ್ಟಿದರೂ ಬೈದಂತಿರುತ್ತದೆ."

ಮುಷ್ಕರದ ಹಿಂದಿನ ರಾತ್ರಿ ಪೆಟ್ಟಿಗೆ ಕೈಕೊಟ್ಟಿತು.
ಇಂಗ್ಲಿಷಿನ ಲೆಕ್ಕಕ್ಕೆ ಕಡೆದ ಸೆಟ್ಟು,
ಡಬ್ಲ್ಯೂ ಎರಡೇ ಎರಡು.
'ಗ್ವೈಥ್‌ವಿರ್', ಕೆಲಸಗಾರರೇ, ಎಂದು ಕರೆಯುವಷ್ಟರಲ್ಲೇ
ಎರಡೂ ಮುಗಿದವು.
'ಕೂಮ್' ಎಂದರೆ ಕಣಿವೆ; ಅದಕ್ಕೂ ಒಂದು ಬೇಕು.
ಊರಿನ ಹೆಸರನ್ನೇ ಬಿಟ್ಟು ಊರನ್ನು ಕರೆಯುವುದು ಹೇಗೆ?
ಮಗಳು ಟೆಗ್ವೆನ್, ಹನ್ನೊಂದರ ಪೋರಿ,
ನಿದ್ದೆಗಣ್ಣಲ್ಲೇ ಒಂದು ಎಮ್ ಎತ್ತಿ
ತಲೆಕೆಳಗೆ ಮಾಡಿ ಚೌಕಟ್ಟಿಗೆ ತುರುಕಿದಳು.

ಬೆಳಗ್ಗೆ ಗೇಟಿನ ಮುಂದೆ ಜನ.
ಓದಿದರು, ಗೊಣಗಿದರು, ಯಾರಿಗೂ ತಿಳಿಯಲಿಲ್ಲ.
ಮುದುಕನೊಬ್ಬ ಮಾತ್ರ, ಹಸಿ ಮಸಿಗೆ ಬೆರಳಿಟ್ಟು,
"ಇವನ್ಯಾರಪ್ಪ, ಕಾಲೆರಡೂ ನೆಟ್ಟಗೆ ಮೇಲೆತ್ತಿದವನು?"

ನಗಬಹುದಿತ್ತು.
ಹೋದ ಮಂಗಳವಾರ ಛಾವಣಿ ಕುಸಿದಾಗ
ಎಮ್ರಿಸನ ಮಗ ಹೀಗೇ ಇದ್ದ,
ಕಲ್ಲಿನ ರಾಶಿಯಿಂದ ಬೂಟಷ್ಟೇ ಹೊರಗೆ.

ಟೋಪಿ ತೆಗೆದರು ಒಬ್ಬೊಬ್ಬರೇ.
ಇಡ್ವಲ್ ಆ ಎಮ್ಮನ್ನು ಮತ್ತೆ
ಅದರ ಮನೆಗೆ ಹಾಕಲಿಲ್ಲ.