ಹತ್ತೊಂಬತ್ತನೇ ಸೆಕೆಂಡು

ನಕಾನೊದ ನೆಲಮಾಳಿಗೆ ಸ್ಟುಡಿಯೊ. ರಾತ್ರಿ ಎರಡು ದಾಟಿತ್ತು.
ಕುರೆಹಾ ಬೂಟು ಬಿಚ್ಚಿಟ್ಟು ಮೈಕಿನ ಮುಂದೆ ನಿಂತಳು,
ಕಾಲ್ಚೀಲದ ಹೆಬ್ಬೆರಳಲ್ಲಿ ತೂತು.
ಇಪ್ಪತ್ತು ವರ್ಷ ಕ್ರೀಡಾಂಗಣಗಳನ್ನೇ ಕುಣಿಸಿದವಳು
ಈಗ ಹಾಡಬೇಕಿದ್ದದ್ದು ಒಂದು ಗುಂಡಿಯ ಕಥೆ:

    ಕೋಟಿನಿಂದ ಕಳಚಿ ಬಿತ್ತು ಕೆಂಪು ಗುಂಡಿ,
    ಮೆಟ್ಟಿಲಿಳಿದು ಹೋಯ್ತು ಅದರ ಒಂಟಿಗಾಲಿ ಬಂಡಿ

ಮೂರು ವರ್ಷದವರಿಗೆ ಅಷ್ಟು ಸಾಕು.
ಕಂಪನಿಯವರು ಅಂದಿದ್ದರು: ಹೊಸ ಮಾರುಕಟ್ಟೆ, ತಾಯಂದಿರು,
ಕವರಿನ ಮೇಲೊಂದು ಮೊಲ ಇರಲಿ.

ಎರಡನೇ ಸಾಲು ಮುಗಿದು, ಮೂರನೆಯದಕ್ಕೆ ಮುಂಚೆ,
ಅವಳು ಉಸಿರೆಳೆದುಕೊಂಡಳು.
ಹಾಡುಗಾರರ ಉಸಿರು ನನಗೆ ಗೊತ್ತು,
ಅದನ್ನು ಕತ್ತರಿಸುವುದೇ ನನ್ನ ಅನ್ನ.
ಇದು ಅದಲ್ಲ. ತಣ್ಣೀರಿಗೆ ಕಾಲಿಟ್ಟವರ ಉಸಿರು,
ಬಾಗಿಲು ತೆಗೆದು
ಒಳಗೆ ಯಾರೂ ಇಲ್ಲವೆಂದು ಕಂಡವರದು.

ಪರದೆಯ ಮೇಲೆ ಸಾಸಿವೆಯಷ್ಟು ಉಬ್ಬು.
ಬೆರಳಿಟ್ಟೆ. ಅಳಿಸಲಿದ್ದೆ.
ಗಾಜಿನಾಚೆಯಿಂದ ಅವಳು: ‘ಇಬುಕಿ-ಸಾನ್, ಅದು ಇರಲಿ.’
ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.
ಕ್ಯಾನಿನ ಕಾಫಿ ಮುಗಿಸಿ, ಬೂಟಿಗೆ ಕಾಲು ತೂರಿಸಿ,
ಟ್ಯಾಕ್ಸಿ ಹತ್ತಿ ಹೋದಳು.
ಆಮೇಲೆ ಒಂದಿಷ್ಟು ತಗ್ಗಿಸಿದೆ.
ಮೂರು ಡೆಸಿಬೆಲ್, ಕಳ್ಳನ ಹಾಗೆ.

ಹಾಡು ಬಿಡುಗಡೆಯಾಯಿತು. ಓಡಲಿಲ್ಲ.
ಮೊಲ ಏಪ್ರಿಲ್ಲಿಗೆ ಅರ್ಧ ಬೆಲೆಯ ಬುಟ್ಟಿಯಲ್ಲಿತ್ತು.

ನಿನ್ನೆ ಕವಾಗುಚಿಯಲ್ಲಿ, ಮಗಳ ಶಿಶುವಿಹಾರ.
ಬಾಗಿಲಲ್ಲಿ ಅಂಗೈಯಗಲದ ಶೂಗಳ ಸಾಲು;
ನಮಗೆ ಕೊಟ್ಟದ್ದು ಹಸಿರು ಸ್ಲಿಪ್ಪರು, ಹೆಜ್ಜೆಗೊಮ್ಮೆ ಕಳಚುವಂಥದ್ದು.
ಹಿಗುಚಿ ಟೀಚರ್ ಆರ್ಗನ್ನಿನ ಮುಂದೆ ಕೂತರು.
ಹಳದಿ ಮೇಲಂಗಿಯ ಇಪ್ಪತ್ತಮೂರು ಜನ.
ಒಬ್ಬ ಮೂಗು ಒರೆಸುತ್ತಿದ್ದ, ತನ್ನದಲ್ಲ, ಪಕ್ಕದವನದು.
ನನ್ನ ಚಿದೋರಿ ಕಿಟಕಿ ನೋಡುತ್ತಿದ್ದಳು.

ಕೆಂಪು ಗುಂಡಿ, ಎಂದು ಶುರುವಾಯಿತು.
ಒಂಟಿಗಾಲಿ ಬಂಡಿ, ಎಂದು ಚೀರಿತು.
ಆಮೇಲೆ
ಇಪ್ಪತ್ತಮೂರು ಬಾಯಿ ಒಮ್ಮೆಗೇ ತೆರೆದು,
ಹೆಗಲು ಕಿವಿಯವರೆಗೆ ಏರಿ,
ಹ್ಹಾ
ಎಂದು ಗಾಳಿಯನ್ನು ಒಳಗೆಳೆದುಕೊಂಡವು.
ಟೀಚರ್ ಕೈ ಎತ್ತಿ ಕಾದರು,
ಅದೂ ಒಂದು ಸ್ವರವೆಂಬಂತೆ.

ಯಾರೂ ಕಲಿಸಿದ್ದಲ್ಲವಂತೆ.
‘ಹಾಡಿನಲ್ಲೇ ಇದೆಯಲ್ಲ,’ ಅಂದರು.
‘ಮಕ್ಕಳು ಹೇಳ್ತಾರೆ, ಬೀಳುವಾಗ ಗುಂಡಿಗೆ ಭಯವಾಗುತ್ತದೆಯಂತೆ.’

ಮರಳುವಾಗ, ಸೈಕಲ್ಲಿನ ಹಿಂದಿನ ಸೀಟಿನಿಂದ:
‘ಅಪ್ಪಾ, ತಪ್ಪು ಹಾಡ್ತಿದ್ದೀಯ. ಹ್ಹಾ ಬಿಟ್ಟೆ.’
ಮತ್ತೆ ಹಾಡಿದೆ.
‘ಇನ್ನೂ ಜೋರಾಗಿ.’
ಶಿಬಾ ಹೊಳೆಯ ಸೇತುವೆ, ಎದುರುಗಾಳಿ.
ಬಾಯಿ ತೆರೆದೆ. ಎರಕದ ಕಾರ್ಖಾನೆಯ ವಾಸನೆ, ನೀರಿನ ಚಳಿ,
ಎರಡೂ ಒಟ್ಟಿಗೇ ನುಗ್ಗಿದವು, ಎದೆ ತಡೆಯಿತು,
ಮೂರನೇ ಸಾಲು ಮರೆತೇ ಹೋಯಿತು.

ಅವಳೇ ಹಾಡಿಕೊಂಡಳು.